ಗಿಡ್ಡ ಪಾದದ ಹೆಜ್ಜೆ ನಮಸ್ಕಾರ

ಪ್ರೀತಿಯ ಅಣ್ಣ,

ಬೆರಳಿನ ಮಾತೆತ್ತಿದರೆ ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾರ್ಡು. ನಿನ್ನ ರಿಪೋರ್ಟ್ ನೋಡಿ ಇಲ್ಲಿನ ಡಾಕ್ಟರೂ ಅದನ್ನೇ ಹೇಳಿದರು: ಎರಡು ಕಾಲ್ಬೆರಳು ತೆಗೆಸಿದರೆ ಪಾದ ಉಳಿಯುತ್ತದೆ. ಏನೂ ತೋಚದೆ ಬನಶಂಕರಿ ಗುಡಿಗೆ ಹೋಗಿ ನಿನ್ನ ಹೆಸರಿನಲ್ಲಿ ಹೆಜ್ಜೆ ನಮಸ್ಕಾರ ಶುರುಮಾಡಿದೆ. ಭಕ್ತಿಯೋ ಭಯವೋ, ನನಗೇ ಗೊತ್ತಿಲ್ಲ.

ನನ್ನ ಮುಂದೆ ವಯಸ್ಸಾದವರೊಬ್ಬರು ಹೆಜ್ಜೆಗೆ ಹೆಜ್ಜೆ ತಾಗಿಸುತ್ತಾ ನೆಟ್ಟಗೆ ನಡೆಯುತ್ತಿದ್ದರು. ನೋಡಿದರೆ ಎರಡು ಪಾದದಲ್ಲೂ ಒಂದು ಬೆರಳೂ ಇಲ್ಲ. ನಾನು ನಿಂತೇಬಿಟ್ಟೆ.

"ಸಿಯಾಚಿನ್ ಹಿಮ ತಿಂದ್ಬಿಡ್ತು ಮೇಡಂ," ಎಂದರು ಹಿಂತಿರುಗಿ ನೋಡಿ. ಗೊಟ್ಟಿಗೆರೆಯ ಪಿಳ್ಳಪ್ಪ, ಹವಾಲ್ದಾರರಾಗಿದ್ದವರು. ಕತ್ತರಿಸಲು ಬಿಡದೆ ಅವರೂ ಹಟ ಹಿಡಿದಿದ್ದರಂತೆ. "ಬೆರಳು ಬೇಕಾ, ಕಾಲು ಬೇಕಾ ಅಂತ ಆರ್ಮಿ ಡಾಕ್ಟ್ರು ಗದರಿದ್ರು. ಕಾಲು ಅಂದೆ."

ನಿನ್ನ ವಿಷಯ ಹೇಳಿ, "ಆಮೇಲೆ ನಡೆಯೋಕೆ ಆಗುತ್ತಾ ಸಾರ್?" ಎಂದು ಕೇಳಿದೆ.

"ನನ್ನ ಹಿಂದೇನೇ ಬರ್ತಿದ್ದೀರಲ್ಲ ಮೇಡಂ," ಎಂದು ನಕ್ಕರು. "ಪಾದ ಗಿಡ್ಡ ಆಯ್ತು, ಅಷ್ಟೆ. ಒಂದು ಸುತ್ತಿಗೆ ನಿಮಗಿಂತ ಜಾಸ್ತಿ ಹೆಜ್ಜೆ ಬೀಳ್ತವೆ. ಅಮ್ಮನಿಗೆ ಲಾಭ."

ಹಾಗೆಂದು ಹೊರಟವರನ್ನು ಹತ್ತು ಬೆರಳಿದ್ದೂ ನನ್ನಿಂದ ಹಿಡಿಯಲಾಗಲಿಲ್ಲ. ನಾನಿನ್ನೂ ಗರ್ಭಗುಡಿಯ ಹಿಂದಿದ್ದಾಗ ಅವರು ಸುತ್ತು ಮುಗಿಸಿ ಕೈಮುಗಿಯುತ್ತಿದ್ದರು.

ಮುಂದಿನ ಸೋಮವಾರಕ್ಕೆ ಆಸ್ಪತ್ರೆಯಲ್ಲಿ ಬೆಡ್ ಹೇಳಿದ್ದೇನೆ. ಅತ್ತಿಗೆಯನ್ನೂ ಕರೆದುಕೊಂಡು ಬಾ, ಸಕ್ಕರೆ ಮಾತ್ರೆ ತಪ್ಪಿಸಬೇಡ. ನಮಸ್ಕಾರವನ್ನು ನಾನು ಅರ್ಧಕ್ಕೇ ನಿಲ್ಲಿಸಿದೆ. ಉಳಿದರ್ಧ ವಾಸಿಯಾದ ಮೇಲೆ ನೀನೇ ನಡೆದು ಮುಗಿಸಬೇಕು.

ಜಾಗ ಮುಗಿಯಿತು,
ಹಂಸಾ