ಅಡುಗೆಯವನನ್ನು ಯಾರೂ ಕೇಳುವುದಿಲ್ಲ

ಮಾರ್ಚ್ 5, 2013. ಬೆಳಿಗ್ಗೆ 7

ಇವತ್ತು ಇನ್ನೊಬ್ಬ ಮಾಜಿ ಸೈನಿಕನ ಶವಸಂಸ್ಕಾರ. ಕಹಳೆಯ ಬ್ಯಾಟರಿ ಬದಲಿಸಿದೆ. ಹೊರಗೆ ಮೈನಸ್ ಇಪ್ಪತ್ತೆರಡು. ಈ ಚಳಿಗೆ ಬ್ಯಾಟರಿ ಸಾಯುತ್ತದೆ. ಚರ್ಚು ತಲುಪುವವರೆಗೆ ಕೋಟಿನೊಳಗೆ, ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಕಹಳೆಯ ಬಾಯೊಳಗೆ ಕೂರುವ ಸಣ್ಣ ಯಂತ್ರ, ರಾಗ ನುಡಿಸುವುದು ಅದೇ. ಗುಂಡಿ ಒತ್ತಿ, ಐದು ಸೆಕೆಂಡಿನೊಳಗೆ ತುಟಿಗೆ ಹಿಡಿದು, ಕೆನ್ನೆ ಉಬ್ಬಿಸಿ ನಿಲ್ಲುವುದು. ನಿಜವಾಗಿ ಊದಬಲ್ಲವರು ಈ ಕೌಂಟಿಯಲ್ಲಿ ಯಾರೂ ಉಳಿದಿಲ್ಲ.

ಸಂಜೆ

ಪ್ರಾರ್ಥನೆ ಸರಿಯಾಗಿ ಮುಗಿಯಿತು. ಮಣ್ಣು ಮಾಡುವುದು ಮೇ ತಿಂಗಳಲ್ಲಿ, ನೆಲದ ಹಿಮ ಬಿಟ್ಟ ಮೇಲೆ. ಅಲ್ಲಿಯವರೆಗೆ ಪೆಟ್ಟಿಗೆ ಸ್ಮಶಾನದ ಕಲ್ಲುಮನೆಯಲ್ಲಿ.

ಕ್ಲಿಫರ್ಡ್ ರೈನ್‌ಬೋಲ್ಡ್ ಇವತ್ತೂ ಹಾಗೇ ಮಾಡಿದ. ಎಂಬತ್ತೆರಡು ವರ್ಷ, ಉಸಿರಿಗೆ ಸಿಲಿಂಡರ್. ಆದರೂ ಎಲ್ಲರೂ ಕಾಫಿಗೆ ಹೋಗುವುದನ್ನು ಕಾದು, ಪೆಟ್ಟಿಗೆಯ ಹಿಡಿಗೆ ಕಟ್ಟಿದ ಚೀಟಿ ತಿರುಗಿಸಿ ಹೆಸರು ಓದಿದ. ಕೈಯಲ್ಲಿದ್ದ ಕಾರ್ಯಕ್ರಮ ಪತ್ರಿಕೆಯ ಹೆಸರಿನೊಂದಿಗೆ ತಾಳೆ ನೋಡಿದ. ಪ್ರತಿ ಸಾವಿನಲ್ಲೂ ಇದೇ. ಏನು ಹುಡುಕುತ್ತಾನೆ?

ಮಾರ್ಚ್ 9

ನಮ್ಮ ಸಂಘದ ಮನೆ, ಪೋಸ್ಟಿನಲ್ಲಿ, ಪ್ಯಾನ್‌ಕೇಕ್ ಬೆಳಗು. ಮಾಜಿ ಸೈನಿಕರು ಹನ್ನೊಂದು ಜನ, ಹೆಂಡತಿಯರು, ಅಷ್ಟೇ. ಬಾಣಲೆಯ ಮುಂದೆ ನಾನೇ. ನಾನಲ್ಲದೆ ಯಾರು? ವಿಯೆಟ್ನಾಂನಲ್ಲಿ ಹದಿಮೂರು ತಿಂಗಳು ನಾನು ಮಾಡಿದ್ದು ಅದೇ. ಕಮಾಂಡರ್ ಗೋರ್ಡಿ ಸ್ಕಾರ್ ನಲವತ್ತು ವರ್ಷದಿಂದ ಅದೇ ಜೋಕು ಹೊಡೆಯುತ್ತಾನೆ.

"ಏ ಸೌಟು, ನಿನ್ನ ಅಡುಗೆ ತಿಂದು ಸತ್ತವರಿಗೂ ಪದಕ ಕೊಡ್ಬೇಕಿತ್ತು ಕಣೋ!"

"ಬದುಕಿದ್ದೀಯಲ್ಲ, ಅದಕ್ಕೊಂದು ತಗೋ," ಎಂದೆ.

ಕ್ಲಿಫರ್ಡ್ ಪಕ್ಕದಲ್ಲೇ ಇದ್ದ. ಕೊರಿಯಾದಲ್ಲಿ ಅವನೂ ಅಡುಗೆಯವನು. ಊರಿಗೆಲ್ಲ ಗೊತ್ತಿರುವುದು ಹಾಗೆ. ಸುಮ್ಮನೆ ಮಾತಿಗೆ ಕೇಳಿದೆ: ಪೆಟ್ರೋಲ್ ಒಲೆ ಎಲ್ಲಿ ಹೊತ್ತಿಸ್ತಿದ್ರಿ?

"ಟೆಂಟೊಳಗೇ. ಬೆಚ್ಚಗಿರ್ತಿತ್ತಲ್ಲ," ಎಂದ.

ತಿರುಗಿಸುತ್ತಿದ್ದ ಪ್ಯಾನ್‌ಕೇಕ್ ಹೊತ್ತಿಹೋಯಿತು. ಆ ಒಲೆಯನ್ನು ಯಾವ ಅಡುಗೆಯವನೂ ಟೆಂಟಿನೊಳಗೆ ಹೊತ್ತಿಸುವುದಿಲ್ಲ. ಹೊರಗೆ ಹೊತ್ತಿಸಿ, ಉರಿ ನೀಲಿಗೆ ತಿರುಗಿದ ಮೇಲೆ ಇಬ್ಬರು ಹಿಡಿದು ಒಳಗೆ ತರಬೇಕು. ಒಳಗೆ ಹೊತ್ತಿಸಿದರೆ ಟೆಂಟು ಉಳಿಯುವುದಿಲ್ಲ. ಮೊದಲ ದಿನದ ಮೊದಲ ಪಾಠ. ನನ್ನ ಕಾಲದಲ್ಲೂ ಅದೇ ಒಲೆ, ಅವನ ಕಾಲದಲ್ಲೂ ಅದೇ.

ಇವನು ಅಡುಗೆಯವನಲ್ಲ.

ಮಾರ್ಚ್ 12, ಮಂಗಳವಾರ

ಕ್ಲಿಫರ್ಡ್‌ನ ಮಗಳು ಡಾರ್ಲಾ ಬಂದಿದ್ದಳು. ಮೇಜಿನ ಮೇಲೆ ಕೈಗವಸು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಶ್ವಾಸಕೋಶದ ಕ್ಯಾನ್ಸರ್. ಡಾಕ್ಟರು ಹೇಳಿದ್ದು ವಾರಗಳ ಲೆಕ್ಕ.

"ಅಪ್ಪ ಯಾವತ್ತೂ ಏನೂ ಕೇಳ್ದೋರಲ್ಲ, ವರ್ಲಿನ್. ಇದೊಂದು ಕೇಳಿದ್ದಾರೆ. ಮಣ್ಣು ಮಾಡೋವಾಗ ಸೈನಿಕ ಗೌರವ. ಬಂದೂಕು, ಬಾವುಟ, ಕಹಳೆ. ನೀನು ಸೈನ್ ಮಾಡಿದ್ರೆ ಆಗುತ್ತೆ ಅಂದ್ರು ಗೋರ್ಡಿ."

ಪೋಸ್ಟಿನಲ್ಲಿ ದಾಖಲೆ ಪರಿಶೀಲಿಸುವುದು ನನ್ನ ಕೆಲಸ. ಸೈನ್ಯದ ಬಿಡುಗಡೆ ಪತ್ರ ಇದೆಯಾ ಎಂದೆ. ಇಲ್ಲ. ಫೋಟೋ? ಇಲ್ಲ. ಯೂನಿಫಾರ್ಮು? ಅಮ್ಮ ಹರಿದು ಗಾದಿಗೆ ಹಾಕಿದ್ದಳಂತೆ.

"ಪತ್ರ ಬೇಕಮ್ಮ," ಎಂದೆ.

"ಊರಿಗೇ ಗೊತ್ತಲ್ಲ."

ಡ್ವೇನ್ ವಿಷಯವೂ ಊರಿಗೇ ಗೊತ್ತಿತ್ತು. ಹೋದ ವರ್ಷ ಇದೇ ಮೇಜಿನ ಮೇಲೆ, ಹೆಂಡತಿಯ ಕಣ್ಣೀರು ನೋಡಿ, ಪತ್ರ ಕೇಳದೆ ಸಹಿ ಹಾಕಿದೆ. ಏಳು ಬಂದೂಕು, ಮೂರು ಸುತ್ತು. ಎರಡು ವಾರದ ಮೇಲೆ ಅವನ ತಮ್ಮನಿಂದ ಕಾಗದ: ಡ್ವೇನ್ ಒಂದು ದಿನವೂ ಸೈನ್ಯದಲ್ಲಿರಲಿಲ್ಲ. ಪತ್ರಿಕೆಯಲ್ಲಿ ಬಂತು. "ಪರಿಶೀಲಿಸಿದವರು" ಎಂಬ ಸಾಲಿನಲ್ಲಿ ನನ್ನ ಹೆಸರು. ಆ ಮೇ ತಿಂಗಳು ಸೈನಿಕರ ಸಮಾಧಿಗಳ ಮೇಲೆ ಬಾವುಟ ನೆಡುವಾಗ ಒಂದೊಂದು ಕಲ್ಲಿನ ಮುಂದೆಯೂ ಕೈ ತಡೆಯಿತು. ನೀನು? ನೀನು ನಿಜವಾ?

ಇನ್ನೊಮ್ಮೆ ಆಗಬಾರದು.

ಮಾರ್ಚ್ 13

ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಅರ್ಜಿ ಫ್ಯಾಕ್ಸ್ ಮಾಡಿದೆ. ಹೆಚ್ಚು ಆಸೆಯಿಲ್ಲ. ಎಪ್ಪತ್ಮೂರರಲ್ಲಿ ಅಲ್ಲಿ ಬಿದ್ದ ಬೆಂಕಿಯಲ್ಲಿ ಆ ಕಾಲದ ಫೈಲುಗಳು ಬಹುಪಾಲು ಹೋಗಿವೆ. ಸುಳ್ಳುಗಾರರಿಗೆಲ್ಲ ಆ ಬೆಂಕಿ ಅನುಕೂಲ.

ಗೋರ್ಡಿ ಫೋನ್ ಮಾಡಿ ಬೈದ. "ಸಾಯ್ತಿರೋ ಮುದುಕನ ಹತ್ರ ಪೊಲೀಸ್ಗಿರಿ ಮಾಡ್ತೀಯಲ್ಲೋ! ಅವನು ಹೇಳ್ಕೊಂಡಿರೋದೇನು, ಅಡುಗೆಯವನು ಅಂತ. ಜನರಲ್ ಅಂತ ಅಲ್ವಲ್ಲ!"

ಅದೇ ನನ್ನನ್ನು ಕೊರೆಯುತ್ತಿರುವುದು. ಎಲ್ಲ ಬಿಟ್ಟು ಅದನ್ನೇ ಯಾಕೆ ಕದ್ದ? ನನಗಿರುವುದು ಅದೊಂದೇ.

ಮಾರ್ಚ್ 26. ಮಧ್ಯಾಹ್ನ 3

ಈಗಷ್ಟೇ ಕ್ಲಿಫರ್ಡ್ ಇರುವ ನರ್ಸಿಂಗ್ ಹೋಮಿನಿಂದ ಬಂದೆ. ಮರೆಯುವ ಮುನ್ನ, ಅವನು ಹೇಳಿದಂತೆಯೇ ಬರೆದಿಡಬೇಕು.

ಡಾರ್ಲಾ ಊಟಕ್ಕೆ ಹೋಗಿದ್ದಳು. ಬಾಗಿಲು ಹಾಕಿದೆ. ನೇರ ಕೇಳಿದೆ: ನೀವು ಅಡುಗೆಯವರಲ್ಲ, ಅಲ್ವಾ?

ನಕ್ಕ. "ಒಲೆ. ಅಲ್ವಾ? ನೀನು ಆ ಪ್ಯಾನ್‌ಕೇಕ್ ಸುಟ್ಟಾಗ್ಲೇ ಗೊತ್ತಾಯ್ತು."

"ಸೈನ್ಯದಲ್ಲಿ ಇದ್ದದ್ದಾದ್ರೂ ನಿಜಾನಾ?"

"ಇದ್ದೆ. ಹೆಣ ಎತ್ತೋ ಕೆಲಸ."

ಹೀಗೇ ಹೇಳಿದ. ಹವಾಮಾನ ಹೇಳುವ ಹಾಗೆ. ಕದನ ಮುಂದೆ ಸರಿದ ಮೇಲೆ ಗುಡ್ಡಗಳಿಗೆ ಹೋಗುವುದು. ಹಿಮ ಕೆರೆಯುವುದು. ಕತ್ತಿನ ಗುರುತಿನ ಟ್ಯಾಗ್ ನೋಡಿ, ಜೇಬು ನೋಡಿ, ಹೆಸರು ಬರೆದು, ಚೀಟಿ ಕಟ್ಟುವುದು. ಒಂದು ವರ್ಷ ಎರಡು ತಿಂಗಳು.

"ಒಂದ್ಸಲ ಚೀಟಿ ಅದಲುಬದಲಾಗಿತ್ತು. ನಂದಲ್ಲ, ಪಕ್ಕದೋನ್ದು. ಲಾರಿ ಹೊರಡೋಕೆ ಮುಂಚೆ ನೋಡ್ದೆ. ನೋಡ್ದೇ ಇದ್ದಿದ್ರೆ ಒಬ್ಬರಮ್ಮ ಇನ್ನೊಬ್ಬರ ಮಗನನ್ನ ಮಣ್ಣು ಮಾಡ್ತಿದ್ಲು. ಆವತ್ತಿಂದ ನೋಡ್ದೆ ಬಿಟ್ಟಿಲ್ಲ."

ಚೀಟಿ ತಿರುಗಿಸುವ ಆ ಚಾಳಿ. ಸರಿ.

ಆದರೆ ಸುಳ್ಳು ಯಾಕೆ?

"ಲೀಲ್ಯಾಂಡ್ ಮೋಸರ್," ಎಂದ.

ಊರ ಸ್ಮಾರಕದ ಕಲ್ಲಿನಲ್ಲಿ ಕೊರಿಯಾದ ಕೆಳಗಿರುವ ಒಂದೇ ಹೆಸರು.

"ನಾನು ವಾಪಸ್ ಬಂದ ಮಾರನೇ ದಿನ ಅವರಮ್ಮ ಕೇಕ್ ತಗೊಂಡು ಬಂದ್ಲು. ಅಲ್ಲೇನು ಮಾಡ್ತಿದ್ದೆ ಕ್ಲಿಫರ್ಡ್ ಅಂದ್ಲು. ಹೇಳಿದ್ರೆ ಮುಂದಿನ ಪ್ರಶ್ನೆ ಏನು, ನೀನೇ ಹೇಳು. ನಮ್ಮ ಹುಡುಗನನ್ನ ನೋಡಿದ್ಯಾ. ಹೇಗಿದ್ದ. ಮುಖ ಇತ್ತಾ." ಸಿಲಿಂಡರಿನ ಗಾಳಿ ಎಳೆದುಕೊಂಡ. "ಅಡುಗೆ ಮಾಡ್ತಿದ್ದೆ ಅಂದೆ. ಅಡುಗೆಯವನನ್ನ ಯಾರೂ ಏನೂ ಕೇಳೋದಿಲ್ಲ."

ನಿಜ. ನನ್ನನ್ನು ಯಾರೂ ಏನೂ ಕೇಳಿಲ್ಲ.

"ನೋಡಿದ್ರಾ, ಲೀಲ್ಯಾಂಡ್‌ನನ್ನ?"

ಕಿಟಕಿಯ ಕಡೆ ತಿರುಗಿದ. "ಟ್ಯಾಗ್ ಇರಲಿಲ್ಲ. ಟ್ಯಾಗ್ ಇರೋ ಜಾಗನೇ ಇರಲಿಲ್ಲ. ಎಡಗೈ ಕಿರುಬೆರಳು ಸೊಟ್ಟ, ನಾನೆಸೆದ ಚೆಂಡು ಹಿಡಿಯೋಕೆ ಹೋಗಿ ಮುರ್ಕೊಂಡಿದ್ದ, ಸ್ಕೂಲಲ್ಲಿ. ಕೈ ನೋಡ್ದೆ. ಹೆಸರು ಬರ್ದೆ."

ಮತ್ತೆ ನನ್ನ ಕಡೆ ತಿರುಗಿ: "ಸರಿಯಾಗಿ ಬರ್ದೆ."

ಡಾರ್ಲಾಗೆ ಹೇಳಬಾರದಂತೆ. ಲೀಲ್ಯಾಂಡ್‌ನ ತಂಗಿ ಯೂನಿಸ್ ಇನ್ನೂ ಇದ್ದಾಳೆ, ಅವಳಿಗಂತೂ ಹೇಳಲೇಬಾರದಂತೆ. ಎಲ್ಲ ಕಡೆ ಅಡುಗೆಯವನು ಎಂದೇ ಇರಬೇಕಂತೆ.

ಅಷ್ಟು ಬಚ್ಚಿಡುವವನಿಗೆ ಬಂದೂಕು, ಬಾವುಟ ಯಾಕೆ, ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

"ಅವರಲ್ಲಿ ಯಾರಿಗೂ ಅಲ್ಲಿ ಬಂದೂಕು ಹಾರಿಸ್ಲಿಲ್ಲ, ವರ್ಲಿನ್. ಟೈಮಿರಲಿಲ್ಲ. ನನ್ನ ಲೆಕ್ಕದಲ್ಲಿ ಒಂದ್ಸಲ ಹಾರಿಸ್ಬಿಡಿ."

ಮಾರ್ಚ್ 27

ನಿದ್ದೆ ಬರಲಿಲ್ಲ. ಒಂದು ಸುಳ್ಳು ಸಿಕ್ಕಿಬಿದ್ದಾಗ ಅದಕ್ಕಿಂತ ಒಳ್ಳೆಯ ಇನ್ನೊಂದನ್ನು ಕೊಡುವವರಿದ್ದಾರೆ. ಡ್ವೇನ್ ಸಹ ಚೆನ್ನಾಗಿಯೇ ಹೇಳುತ್ತಿದ್ದ. ಎಲ್ಲಿ ನಿಲ್ಲಿಸಬೇಕು ಎಂಬುದು ಅವನಿಗೂ ಗೊತ್ತಿತ್ತು. ಸಾಕ್ಷಿ ಇಲ್ಲ. ಬೆರಳು ಒಂದೇ.

ಮಾರ್ಚ್ 28

ಗ್ರಂಥಾಲಯದಲ್ಲಿ ಯೂನಿಸ್ ಸಿಕ್ಕಳು. ಸಿಕ್ಕಳು ಅನ್ನುವುದು ಸುಳ್ಳು — ಗುರುವಾರ ಬರುತ್ತಾಳೆಂದು ಗೊತ್ತಿತ್ತು, ಹೋದೆ. ಸ್ಮಾರಕಕ್ಕೆ ಫೋಟೋ ಹುಡುಕುವ ನೆಪ. ಲೀಲ್ಯಾಂಡ್‌ಗೆ ಗುರುತು ಸಿಗುವಂಥದ್ದು ಏನಾದರೂ ಇತ್ತಾ, ಎಂದೆ.

ತಟ್ಟನೆ ತನ್ನ ಎಡಗೈ ಎತ್ತಿ ಕಿರುಬೆರಳು ಮಡಿಸಿ ತೋರಿಸಿದಳು. "ಹೀಗೆ. ಕಾಫಿ ಕಪ್ ಹಿಡಿದ್ರೆ ದೊಡ್ಡ ದೊರೆಸಾನಿ ಥರ ಕಾಣ್ತಿದ್ದ, ಅಪ್ಪ ರೇಗಿಸ್ತಿದ್ರು." ನಗುತ್ತಿದ್ದವಳು ನಿಲ್ಲಿಸಿದಳು. "ಯಾಕೆ ಕೇಳ್ದೆ?"

"ಫೋಟೋಗೆ."

"ಫೋಟೋದಲ್ಲಿ ಬೆರಳು ಯಾರು ನೋಡ್ತಾರೆ?"

ಪುಸ್ತಕ ಹಿಂತಿರುಗಿಸದೆ ಹೊರಟುಬಂದೆ.

ಬೆರಳು ನಿಜ. ಆದರೆ ಒಟ್ಟಿಗೆ ಆಡಿದವನಿಗೆ ಬೆರಳು ಗೊತ್ತಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ.

ಏಪ್ರಿಲ್ 9

ಕ್ಲಿಫರ್ಡ್ ಹೋದ. ಬೆಳಗಿನ ಜಾವ. ಹೊರಗೆ ಮತ್ತೆ ಹಿಮ.

ಏಪ್ರಿಲ್ 30

ಸೇಂಟ್ ಲೂಯಿಸ್‌ನಿಂದ ಉತ್ತರ. ಫೈಲ್ ಇಲ್ಲ, ಇದ್ದಿದ್ದರೆ ಬೆಂಕಿಯಲ್ಲಿ ಹೋಗಿರಬಹುದು. ಬೇರೆ ಕಡತಗಳಲ್ಲಿ ಹುಡುಕಬಹುದು, ತಿಂಗಳುಗಳು ಹಿಡಿಯಬಹುದು. ಬಹುದು, ಬಹುದು.

ಕ್ಲಿಫರ್ಡ್‌ನನ್ನು ಮಣ್ಣು ಮಾಡುವುದು ಮೇ ಹನ್ನೊಂದಕ್ಕೆ. ಡಾರ್ಲಾ ದಿನಾ ಫೋನ್ ಮಾಡುತ್ತಾಳೆ. ಎತ್ತುವುದಿಲ್ಲ.

ಮೇ 10. ಸಂಜೆ 6

ಫಾರಂ ಮುಂದೆ ಕೂತು ಒಂದು ಗಂಟೆ.

ಇಷ್ಟು ವರ್ಷದಲ್ಲಿ ನಾನು ಕಂಡ ಸುಳ್ಳುಗಾರರೆಲ್ಲ ಮೇಲಕ್ಕೆ ಹತ್ತಿದವರು. ಪದಕ, ಗಾಯ, ಶತ್ರುವಿನ ಗೆರೆಯಾಚೆ. ಕೆಳಕ್ಕೆ ಇಳಿದವನು ಒಬ್ಬನೇ. ಅರವತ್ತು ವರ್ಷ ಗೋರ್ಡಿಯಂಥವರ ಸೌಟಿನ ಜೋಕಿಗೆ ನಕ್ಕುಕೊಂಡು ಕೂತ. ಒಬ್ಬ ತಾಯಿ ಕೇಳಬಾರದ್ದನ್ನು ಕೇಳದಿರಲಿ ಎಂದು. ಆ ತಾಯಿ ಸತ್ತ ಮೇಲೂ.

ಇದೂ ಸಾಕ್ಷಿಯಲ್ಲ. ಗೊತ್ತು.

ಹೆಸರು ಬರೆದೆ. ಹಾಳೆ ತಿರುಗಿಸಿ, ಡಾರ್ಲಾ ಕೊಟ್ಟ ಚೀಟಿಯ ಜೊತೆ ತಾಳೆ ನೋಡಿದೆ. ಸೈನ್ಯದಲ್ಲಿ ಮಾಡಿದ ಕೆಲಸ: ಅಡುಗೆಯವನು. ಸುಳ್ಳೆಂದು ಗೊತ್ತಿದ್ದೂ ನನ್ನ ಕೈಯಾರೆ ಬರೆದೆ. ಪರಿಶೀಲಿಸಿದವರು: ವರ್ಲಿನ್ ಓಸೆನ್.

ಪತ್ರವಿಲ್ಲದೆ ಸೈನ್ಯದ ಬಾವುಟ ಬರುವುದಿಲ್ಲ. ಪೋಸ್ಟಿನ ಬೀರುವಿನಲ್ಲಿ ಒಂದಿದೆ. ಇಸ್ತ್ರಿ ಮಾಡಿದೆ. ಡಾರ್ಲಾಗೆ ಫೋನ್ ಮಾಡಿದೆ.

ಮೇ 11. ಸಂಜೆ 4

ಗಾಳಿ ಇತ್ತು. ಏಳು ಬಂದೂಕು, ಮೂರು ಸುತ್ತು. ಗೋರ್ಡಿಯ ಆದೇಶ ಚೂರೂ ತಪ್ಪಲಿಲ್ಲ. ಸಿಡಿದ ಖಾಲಿ ತೋಟಾಗಳಲ್ಲಿ ಸುತ್ತಿಗೊಂದರಂತೆ ಮೂರನ್ನು ಆರಿಸಿ ಡಾರ್ಲಾಳ ಅಂಗೈಗೆ ಹಾಕಿದೆ. ಇನ್ನೂ ಬಿಸಿ ಇದ್ದವು.

ಎಲ್ಲರೂ ಬರುವ ಮುನ್ನ ನಾನೊಬ್ಬನೇ ಹೋಗಿ ಪೆಟ್ಟಿಗೆಯ ಚೀಟಿ ತಿರುಗಿಸಿ ನೋಡಿದ್ದೆ. ಸರಿಯಿತ್ತು.

ಗುಂಡಿ ಒತ್ತಿದೆ. ಕೆನ್ನೆ ಉಬ್ಬಿಸಿದೆ. ಮೊದಲ ಸಲ ನಾಚಿಕೆಯಾಗಲಿಲ್ಲ.

ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಯೂನಿಸ್ ತಟ್ಟೆ ಹಿಡಿದು ಬಂದು ಎದುರಿಗೇ ಕೂತಳು. ಸುತ್ತುಬಳಸಲಿಲ್ಲ.

"ಆವತ್ತು ಬೆರಳಿನ ವಿಷಯ ಕೇಳ್ದೆ. ಫೋಟೋ ಯಾವುದೂ ಬರಲಿಲ್ಲ. ಕ್ಲಿಫರ್ಡ್ ಏನಾದ್ರೂ ಹೇಳಿದ್ನಾ? ಅವನೂ ಅಲ್ಲೇ ಇದ್ನಲ್ಲ. ನಮ್ಮ ಲೀಲ್ಯಾಂಡ್‌ನ ನೋಡಿದ್ನಾ?"

ಎಪ್ಪತ್ನಾಲ್ಕು ವರ್ಷದ ಮುಖ. ಕೇಳುತ್ತಿದ್ದದ್ದು ಹನ್ನೆರಡರ ಹುಡುಗಿ.

ಹೇಳಿಬಿಡಬಹುದಿತ್ತು. ಕೈ ನೋಡಿದ, ಹೆಸರು ಬರೆದ, ಅದಕ್ಕೇ ನಿಮ್ಮ ಪೆಟ್ಟಿಗೆಯಲ್ಲಿ ನಿಮ್ಮಣ್ಣನೇ ಬಂದ. ಅಷ್ಟೇ ಹೇಳಿ ನಿಲ್ಲಿಸಲು ಆಗುತ್ತದಾ? ಕೈಯನ್ನೇ ಯಾಕೆ ನೋಡಬೇಕಾಯಿತು ಎಂದು ಕೇಳುತ್ತಾಳೆ.

"ಅವನು ಅಡುಗೆಯವನು, ಯೂನಿಸ್," ಎಂದೆ.

"ಹೌದಲ್ಲ," ಎಂದಳು. ನನ್ನನ್ನೇ ನೋಡುತ್ತಿದ್ದಳು. ನಂಬಿದಳೋ ಇಲ್ಲವೋ. ತನ್ನ ತಟ್ಟೆಯ ಕೇಕನ್ನು ಎರಡು ಮಾಡಿ, ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದಳು. ಅವರಮ್ಮನ ಕೈಯಳತೆಯ ಕೇಕೇ ಅಂತೆ.

ತಿಂದೆ. ಪೂರ್ತಿ ತಿನ್ನುವವರೆಗೂ ಅವಳು ಏಳಲಿಲ್ಲ.