ಸೇತುವೆ ದಾಟಿದ ದೀಪದಣ್ಣ

ಮಾರ್ಚ್ 9, ಶನಿವಾರ. ಬೆಳಿಗ್ಗೆ

ರಿಪೇರಿಗೆ ಒಂದು ಗೋಡೆ ಗಡಿಯಾರ ಬಂದಿದೆ. ಸ್ಪ್ರಿಂಗ್ ಸತ್ತಿದೆ. ನನ್ನದೂ ಅದೇ ಕಂಡೀಷನ್ನು. ಮಧ್ಯಾಹ್ನ ಅಂಗಡಿ ಮುಚ್ಚಿ ಸಿನಿಮಾಕ್ಕೆ ಹೋಗಬೇಕಂತೆ — ಮಗಳ ಆಜ್ಞೆ. ಇವಳು, ನನ್ನ ಹೆಂಡತಿ, ಓದಿ ಹೇಳುತ್ತಿದ್ದ ಮಾಯಾರಾಜ್ಯದ ಕಾದಂಬರಿ ಕೊನೆಗೂ ಸಿನಿಮಾ ಆಗಿದೆ. ನಾಲ್ಕು ದಪ್ಪ ಸಂಪುಟ, ಎಲ್ಲ ಇಂಗ್ಲಿಷು. ಊಟವಾದ ಮೇಲೆ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ಇಂಗ್ಲಿಷ್ ಓದಿ ಬಾಯಲ್ಲಿ ಕನ್ನಡ ಹೇಳುತ್ತಿದ್ದಳು. ನಾನು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಹಲ್ಲುಚಕ್ರ ಕೂರಿಸುತ್ತಾ ಕೇಳುವುದು.

ಡ್ರ್ಯಾಗನ್ನು, ಸಿಂಹಾಸನ ನನಗೆ ಬೇಡ. ದೀಪದಣ್ಣ ಸಾಕು. ರಾಜಕುಮಾರನ ಅಣ್ಣ. ಕತ್ತಿ ಹಿಡಿಯಲು ಬಾರದೆ ದಂಡಿನ ಮುಂದೆ ಲಾಟೀನು ಹಿಡಿದು ನಡೆಯುವವನು. ಆ ಹೆಸರಿಟ್ಟಿದ್ದು ಇವಳೇ. ಕೊನೆಯ ಸಂಪುಟ ಅರ್ಧಕ್ಕೆ ಬಂದಾಗ ಹೋಗಿಬಿಟ್ಟಳು. ಆಮೇಲೆ ಅವನೇನಾದನೋ… ಮಗಳನ್ನು ಕೇಳಲಿಲ್ಲ. ಸಿನಿಮಾ ಹೇಳೀತು.

ಮಾರ್ಚ್ 10, ಭಾನುವಾರ

ಮೈಕೈ ನೋವು. ನಾಲ್ಕು ಸಂಪುಟ ಒಂದೇ ಸಿನಿಮಾಕ್ಕೆ ತುರುಕಿದ್ದಾರೆ, ಗೋಣಿಚೀಲಕ್ಕೆ ಹಾಸಿಗೆ ತುರುಕಿದ ಹಾಗೆ. ಮಾತಿಗಿಂತ ಗುದ್ದಾಟ ಜಾಸ್ತಿ. ಲಾಟೀನಿನಿಂದ ನೀಲಿ ಮಿಂಚು! ಎಂಥದೋ ಸಸ್ಪೆಂಡ್ ಮಾಡಿ ಕಥೆ ಕೇಳಬೇಕು ಎಂದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಏನನ್ನು ಅನ್ನುವುದು ಮರೆತಿದೆ. ಇಲ್ಲಿ ಡೈರೆಕ್ಟರನ್ನೇ ಸಸ್ಪೆಂಡ್ ಮಾಡಬೇಕು.

ಅದೂ ಹೋಗಲಿ. ಇಂಟರ್ವಲ್ಲಿಗೂ ಮುಂಚೆ ದೀಪದಣ್ಣನನ್ನು ಸೇತುವೆಯ ಮೇಲೆ ಸಾಯಿಸಿಬಿಟ್ಟರು. ಎದ್ದು ನಿಂತೆ.

"ಏಯ್, ಅವನು ಸಾಯಲ್ಲ ಕಣ್ರೋ!"

"ಕೂತ್ಕೊಳ್ಳಿ ಯಜಮಾನ್ರೇ," ಹಿಂದಿನಿಂದ ಯಾರೋ. "ನೀವು ಎದ್ರೆ ನಮಗೂ ಕಾಣಲ್ಲ, ಸತ್ತನೋ ಬದುಕಿದನೋ."

ಮೊಮ್ಮಗಳು ಶರ್ಟು ಹಿಡಿದು ಎಳೆದು ಕೂರಿಸಿದಳು.

ವಾಪಸ್ ಬರುವಾಗ ಮಗಳು ಮೆಲ್ಲಗೆ, "ಅಪ್ಪ, ಪುಸ್ತಕದಲ್ಲೂ ಅವನು ಸೇತುವೆ ಮೇಲೇ ಸಾಯೋದು. ಎರಡನೇ ಭಾಗದಲ್ಲಿ."

"ನಿಮ್ಮಮ್ಮ ಓದಿದ್ದನ್ನ ಕಿವಿಯಾರೆ ಕೇಳಿದೀನಿ. ನಂಗೇ ಹೇಳ್ತೀಯಾ?"

"ಆಯ್ತು ಬಿಡಪ್ಪ."

ಜಗಳವಾಡಿದ್ದರೆ ವಾಸಿಯಿತ್ತು. ಆ 'ಬಿಡಪ್ಪ' ನಿದ್ದೆ ಕೆಡಿಸಿತು.

ಮಾರ್ಚ್ 14, ಗುರುವಾರ

ಎರಡನೇ ಸಂಪುಟ ತೆಗೆದೆ. ಅಕ್ಷರ ಇರುವೆಸಾಲು. ರಿಪೇರಿ ಲೆನ್ಸ್ ಹಾಕಿಕೊಂಡೇ ಹುಡುಕಿದೆ. ಸೇತುವೆ ಸಿಕ್ಕಿತು. 'ಹಿ ಡಿಡ್ ನಾಟ್ ರೈಸ್.' ಡಿಕ್ಷನರಿ ಬೇಕಾಗಲಿಲ್ಲ. ಅವನು ಏಳಲಿಲ್ಲ.

ಇವಳು ಈ ಭಾಗ ಓದಿದಾಗ ನನ್ನ ಅಣ್ಣ ತೀರಿಕೊಂಡ ಹೊಸತು. ಕಾರ್ಯಗಳೆಲ್ಲ ಮುಗಿಸಿ ಅಂಗಡಿ ತೆರೆದಿದ್ದೆ. ಇವಳು ಬಂದು ಪುಸ್ತಕ ಬಿಡಿಸಿದಳು. ಓದುತ್ತಾ ಓದುತ್ತಾ ಸೇತುವೆಯ ಹತ್ತಿರ ನಿಂತಳು. "ಆಮೇಲೇನಾಯ್ತೇ?" ಎಂದೆ. ತಡೆದು, "ದಾಟಿದ ರೀ," ಎಂದಳು. ಗಂಟಲು ಕೆಟ್ಟಿದೆ ಅಂದುಕೊಂಡಿದ್ದೆ.

ಮೂರನೆಯದರಲ್ಲಿ ಹುಡುಕಿದೆ. ನಾಲ್ಕನೆಯದರಲ್ಲೂ. ಅವನ ಸುಳಿವಿಲ್ಲ. ದೋಣಿಯವನ ಜೊತೆ ಚೌಕಾಸಿ ಮಾಡಿದ್ದು, ತಮ್ಮನಿಗೆ "ನಿನ್ನ ಕಿರೀಟ ಸೊಟ್ಟಗಿದೆ ಕಣೋ" ಅಂತ ರೇಗಿಸಿದ್ದು — ಒಂದು ಸಾಲೂ ಇಲ್ಲ. ಅಷ್ಟು ದಿನ ಅವನನ್ನು ಕೈಹಿಡಿದು ನಡೆಸಿದ್ದು ಇವಳು. ಪುಟ ತಿರುಗಿಸುತ್ತಾ, ಮುಖದ ಗೆರೆಯೂ ಅಲುಗದೆ…

ಡೈರೆಕ್ಟರನಿಗೆ ಬೈದಿದ್ದು ವಾಪಸ್. ಅರ್ಧ ಮಾತ್ರ. ನೀಲಿ ಮಿಂಚಿಗೆ ಕ್ಷಮೆಯಿಲ್ಲ.

ಮಾರ್ಚ್ 31, ಭಾನುವಾರ. ಸಂಜೆ

ಬರೆಯಲು ಮನಸ್ಸಿರಲಿಲ್ಲ. ಗೋಡೆ ಗಡಿಯಾರ ಇನ್ನೂ ಹಾಗೇ ಮಲಗಿದೆ. ಇವತ್ತು ಮೊಮ್ಮಗಳು ಅಂಗಡಿಗೆ ಬಂದು ಸೀದಾ ಅಜ್ಜಿಯ ಸ್ಟೂಲಿನ ಮೇಲೆ ಕೂತಳು. ನಾನು ಮಗಳ ಹತ್ತಿರ ಹೇಳಿಕೊಂಡಿದ್ದನ್ನೆಲ್ಲ ಅವಳು ಪುಟ್ಟಿಗೆ ಹೇಳಿರಬೇಕು.

"ತಾತ, ಅಜ್ಜಿ ಕಥೆಯಲ್ಲಿ ಅವನು ಕೊನೆಗೆ ಏನಾದ?"

"ಗೊತ್ತಿಲ್ಲ ಪುಟ್ಟಿ. ಹಿಮದಲ್ಲಿ ಬತ್ತಿ ಒದ್ದೆಯಾಗಿ ದೀಪ ಆರಿತ್ತು. ಅಲ್ಲಿಗೆ ನಿಲ್ಸಿದ್ಲು."

"ಮತ್ತೆ? ಹಿಮದಲ್ಲೇ ನಿಲ್ಸಿಬಿಟ್ಟಿದೀಯಾ ಪಾಪ, ಇಷ್ಟು ದಿನದಿಂದ?"

ಲೆನ್ಸ್ ತೆಗೆದಿಟ್ಟೆ. ಮೂರನೇ ಸಂಪುಟವೋ ನಾಲ್ಕನೆಯದೋ, ಕೈಗೆ ಸಿಕ್ಕಿದ್ದನ್ನು ತೊಡೆಯ ಮೇಲೆ ಬಿಡಿಸಿಕೊಂಡೆ. ಓದುವವನ ಹಾಗೆ ಬೆರಳಿಟ್ಟೆ.

"ದೀಪದಣ್ಣ ಬತ್ತಿ ಹಿಂಡಿದ. ಜೇಬು ತಡಕಿದ. ಜೇಬಿನಲ್ಲಿ…"

"ಏನಿತ್ತು?"

"ತಾಳು, ಪುಟ ತಿರುಗಿಸ್ಬೇಕು" ಎಂದು ಒಳಗೆ ಎದ್ದು ಬಂದಿದ್ದೇನೆ. ಏನಿಡಲಿ ಜೇಬಿನಲ್ಲಿ? ಓದುವವಳು ನೀನಾಗಿದ್ದರೆ ಏನಿಡುತ್ತಿದ್ದೆಯೇ… ಪುಟ್ಟಿ ಕೂಗುತ್ತಿದ್ದಾಳೆ. ಹಾಂ, ಹೊಳೆಯಿತು —