ಸದ್ದು ಮಾಡಿಕೊಂಡು ಬದುಕುವುದು

ಪ್ರೀತಿಯ ತಂಗಿಗೆ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡಲಾಗಲಿಲ್ಲ. ನಿನ್ನ ಮಗಳು ಪಕ್ಕದಲ್ಲೇ ಕೂತಿದ್ದಳು. "ಅವಳು ಮತ್ತೆ ಮಗು ಥರ ಆಗ್ತಾಳಾ ಅಣ್ಣ? ಹೊಸ ಮನೆಗೆ ಕರ್ಕೊಂಡು ಬರಬಹುದಾ?" ಎಂದು ಕೇಳಿ ನೀನೇ ಫೋನ್ ಇಟ್ಟುಬಿಟ್ಟೆ.

ಗಂಡನ ಮನೆ ತೊರೆದು ಬಂದು, ಅವಳನ್ನು ನನ್ನಲ್ಲಿ ಬಿಟ್ಟು ನೀನು ಕೆಲಸ ಹುಡುಕಲು ಹೊರಟಾಗ, ನಾಲ್ಕು ವರ್ಷದ ಮಗುವಿಗೆ ಬೇಕಿರುವುದು ನೆಮ್ಮದಿ, ನೆಮ್ಮದಿ ಎಂದರೆ ನಿಶ್ಶಬ್ದ ಎಂದುಕೊಂಡೆ. ಒಂಟಿ ಗಂಡಸಿಗೆ ತಿಳಿಯುವುದು ಅಷ್ಟೇ. ಕುರ್ಚಿಯ ಕಾಲಿಗೆ ಬಟ್ಟೆ ಸುತ್ತಿದೆ, ಕರೆಗಂಟೆ ಕಿತ್ತೆ, ಬೆಕ್ಕಿನಂತೆ ಓಡಾಡಿದೆ. ಅವಳು ಬಾಗಿಲ ಹಿಂದೆ ಸೇರಿಕೊಂಡಳು. ಅಲ್ಲಿಂದ ನನ್ನ ಕೈಗಳನ್ನೇ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ಆಟವಾಡಿಸುತ್ತಲೇ ಗುಣಪಡಿಸುವ ಡಾಕ್ಟರಮ್ಮನಿಗೆ ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳಿಕೊಂಡೆ. "ಅದೇ ಎಡವಟ್ಟಾಗಿರೋದು ಸಾರ್. ಗೊಂಬೆಮನೇಲಿ ಅಪ್ಪ ಗೊಂಬೆ ಹೊಡೆಯೋಕೆ ಮುಂಚೆ ಇವಳು ಎಲ್ಲರಿಗೂ ಶ್ ಅಂತಾಳೆ. ಮನೆ ಸುಮ್ಮನಾದ್ರೆ ಅವಳಿಗೆ ಭಯ. ನೀವು ಸದ್ದು ಮಾಡಿ. ಏನು ಮಾಡ್ತೀರೋ ಮೊದಲೇ ಹೇಳಿ ಮಾಡಿ" ಎಂದರು.

ನಿನ್ನ ಗಂಡ ಕೈ ಎತ್ತುವ ಮೊದಲು ಆ ಮನೆ ಹೇಗೆ ತಣ್ಣಗಾಗುತ್ತಿತ್ತು ಎಂಬುದು ನಿನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಮಾತಿಗೆ ಹಿಂದೆಮುಂದೆ ನೋಡುವವನು ನಾನು. ಆದರೂ ಶುರುಮಾಡಿದೆ. "ಮಾಮ ಬರ್ತಾ ಇದೀನಿ. ನೀರು ಕುಡೀತೀನಿ. ಈಗ ಬಾಗಿಲು ಹಾಕ್ತೀನಿ, ಧಡ್ ಅನ್ನುತ್ತೆ." ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ತಡೆದು, "ದಿನವೆಲ್ಲ ಯಾರಿಗೆ ವರದಿ ಒಪ್ಪಿಸ್ತೀರಿ? ಗುಟ್ಟಾಗಿ ಮದುವೆ ಗಿದುವೆ ಆಯ್ತಾ?" ಎಂದರು. ಕೆಲವು ದಿನಕ್ಕೆ ಮಗು ಬಾಗಿಲ ಹಿಂದಿನಿಂದ ಮೆಲ್ಲಗೆ ಹೊರಬಂತು. ಆಮೇಲೆ ನನ್ನನ್ನೇ ತಿದ್ದತೊಡಗಿತು: "ಮಾಮ, ಈಗ ಕೆಮ್ತೀನಿ ಅಂತ ಹೇಳ್ಲೇ ಇಲ್ಲ ನೀನು."

ಇವತ್ತು ಬೆಳಿಗ್ಗೆ ತಲೆ ಬಾಚುವಾಗ ಸಿಕ್ಕನ್ನು ಜೋರಾಗಿ ಎಳೆದುಬಿಟ್ಟೆ. "ಥೂ, ಕತ್ತೆ ಮಾಮ! ನಿಂಗೆ ಬಾಚೋಕೇ ಬರಲ್ಲ!" ಎಂದು ಕಿರುಚಿದಳು. ಬಾಚಣಿಗೆ ಹಿಡಿದ ನನ್ನ ಕೈ ಗಾಳಿಯಲ್ಲೇ ನಿಂತಿತು. ಅವಳು ತಲೆಗೆ ಕೈ ಅಡ್ಡ ಹಿಡಿಯಲಿಲ್ಲ. ತಿರುಗಿಯೂ ನೋಡಲಿಲ್ಲ. ನನಗೆ ಬೆನ್ನು ಕೊಟ್ಟು ಕೂತಲ್ಲೇ, "ಹೂಂ, ಆ ಕಡೆ ಜಡೆ ಹಾಕು" ಎಂದಳು.

ನಿದ್ದೆಯಲ್ಲಿ ಈಗಲೂ ಒಮ್ಮೊಮ್ಮೆ ಬೆಚ್ಚುತ್ತಾಳೆ. ಆಸ್ಪತ್ರೆಗೆ ಹೋಗುವುದನ್ನು ಸದ್ಯಕ್ಕೆ ಬಿಡಬಾರದಂತೆ. ಅದಿರಲಿ. ನೀನು ಬಾ, ಮಗಳನ್ನು ಕರೆದುಕೊಂಡು ಹೋಗು.

ಅವಳ ಕೈಲಿ ಧಾರಾಳವಾಗಿ ಬೈಸಿಕೊಂಡು ಸುಖವಾಗಿರು.

ನಿನ್ನ ಅಣ್ಣ